ಮೈಸೂರಿನ ಜಾವಾ, ಯೆಜ್ಡಿ: ಒಂದು ಮೋಟಾರ್ ಸೈಕಲ್ ಕಾರ್ಖಾನೆಯ ಚರಿತ್ರೆ

ಗೋರೆಗಾಂವ್ ಪೂರ್ವದಿಂದ ಆರೇ ಕಾಲನಿಯ ಕಡೆಗೆ ಸಾಗುವ ರಸ್ತೆಯಲ್ಲಿ ರವಿವಾರದ ಬೆಳಿಗ್ಗೆ ನಿಂತರೆ, ಟ್ಯಾಂಕಿನ ಮೇಲೆ 'ಜಾವಾ' ಅಥವಾ 'ಯೆಜ್ಡಿ' ಎಂದು ಬರೆದ ಹೊಸ ಮೋಟಾರ್ ಸೈಕಲುಗಳು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. ಅವನ್ನು ಓಡಿಸುವ ನಮ್ಮ ಮಕ್ಕಳಿಗೆ ಈ ಹೆಸರುಗಳಿಗೂ ಮೈಸೂರಿಗೂ ಇರುವ ಸಂಬಂಧ ತಿಳಿದಿರುವುದು ವಿರಳ. ಮೂವತ್ತೈದು ವರ್ಷಗಳ ಕಾಲ ಕನ್ನಡ ನೆಲದಲ್ಲಿ ತಯಾರಾಗಿ ದೇಶದಾದ್ಯಂತ ಓಡಿದ ಈ ವಾಹನದ ಚರಿತ್ರೆಯನ್ನು ಸಂಕ್ಷಿಪ್ತವಾಗಿ ದಾಖಲಿಸುವುದು ಈ ಲೇಖನದ ಉದ್ದೇಶ.

ಮೋಟಾರ್ ಸೈಕಲಿನ ಉಗಮ

1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಮರದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ಅಳವಡಿಸಿ ಓಡಿಸಿದ ದ್ವಿಚಕ್ರಿಯನ್ನೇ ಇಂದಿನ ಮೋಟಾರ್ ಸೈಕಲಿನ ಮೂಲವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 1894ರಲ್ಲಿ ಮ್ಯೂನಿಕ್ ನಗರದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಸಂಸ್ಥೆ ಮಾರಾಟಕ್ಕೆಂದೇ ಇಂತಹ ವಾಹನಗಳನ್ನು ತಯಾರಿಸತೊಡಗಿತು. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ 1901ರಲ್ಲಿ, ಟ್ರಯಂಫ್ 1902ರಲ್ಲಿ, ಅಮೆರಿಕದ ಹಾರ್ಲೆ ಡೇವಿಡ್‌ಸನ್ 1903ರಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿದವು.

ಜೆಕೊಸ್ಲೊವಾಕಿಯಾದ ಜಾವಾ ಇವುಗಳಿಗಿಂತ ಕಿರಿಯದು. ಶಸ್ತ್ರಾಸ್ತ್ರ ತಯಾರಕರಾಗಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದು ಪ್ರಾಗ್ ನಗರದಲ್ಲಿ ಉದ್ಯಮ ಆರಂಭಿಸಿದರು. ಯಾನೆಚೆಕ್ ಎಂಬ ಹೆಸರಿನ ಮೊದಲೆರಡು ಅಕ್ಷರ ಹಾಗೂ ವಾಂಡರರ್ ಎಂಬುದರ ಮೊದಲೆರಡು ಅಕ್ಷರ ಸೇರಿ 'ಜಾವಾ' ಆಯಿತು. ಜಯಚಾಮರಾಜ ಒಡೆಯರ ಹೆಸರಿನಿಂದಲೇ 'ಜಾವಾ' ಹುಟ್ಟಿತೆಂದು ಮೈಸೂರಿನಲ್ಲಿ ಹೇಳುವುದುಂಟು. ಅಭಿಮಾನದ ಮಾತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮೈಸೂರಿಗೆ ಬರುವ ಮೂರು ದಶಕಗಳ ಮೊದಲೇ ಆ ಹೆಸರು ಇತ್ತು.

ಮುಂಬಯಿಯಿಂದ ಮೈಸೂರಿಗೆ

ಸ್ವಾತಂತ್ರ್ಯಾನಂತರ ವಿದೇಶೀ ವಾಹನಗಳ ಆಮದಿನ ಮೇಲೆ ಸರಕಾರವು ಕ್ರಮೇಣ ಕಟ್ಟುನಿಟ್ಟಿನ ನಿರ್ಬಂಧ ಹೇರಿತು. ಇಲ್ಲಿ ಮಾರಬೇಕಿದ್ದರೆ ಇಲ್ಲಿಯೇ ತಯಾರಿಸಬೇಕು ಎಂಬುದು ಅಂದಿನ ನೀತಿಯ ಸಾರ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ತಲೆಯೆತ್ತಿತು. ನಮ್ಮ ಭಾಂಡುಪಿನಲ್ಲಿ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು ಲ್ಯಾಂಬ್ರೆಟಾ ಸ್ಕೂಟರುಗಳನ್ನು ತಯಾರಿಸಿತು.

ಇದೇ ಕಾಲದಲ್ಲಿ ಮುಂಬಯಿಯ ಇರಾನಿ ಕುಟುಂಬದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಜಾವಾ ತಯಾರಿಕೆಯ ಹಕ್ಕನ್ನು ಪಡೆದು 1960ರಲ್ಲಿ 'ಐಡಿಯಲ್ ಜಾವಾ' ಕಂಪನಿಯನ್ನು ಸ್ಥಾಪಿಸಿದರು. ಕಾರ್ಖಾನೆಗೆ ಮೈಸೂರಿನ ಯಾದವಗಿರಿಯನ್ನು ಆಯ್ದುಕೊಳ್ಳಲಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು 1961ರಲ್ಲಿ ಅದನ್ನು ಉದ್ಘಾಟಿಸಿದರು. ಮುಂಬಯಿಯ ಬಂಡವಾಳ, ಜೆಕ್ ತಂತ್ರಜ್ಞಾನ, ಮೈಸೂರಿನ ಕಾರ್ಮಿಕರ ದುಡಿಮೆ, ಈ ಮೂರರ ಸಂಗಮ ಅದಾಗಿತ್ತು.

ಯಂತ್ರದ ವೈಶಿಷ್ಟ್ಯ

ಮೈಸೂರಿನ 250 ಸಿ.ಸಿ. ಜಾವಾ ಟೂ ಸ್ಟ್ರೋಕ್ ಎಂಜಿನಿನ ವಾಹನ. ಪೆಟ್ರೋಲಿಗೇ ಎಣ್ಣೆ ಬೆರೆಸಿ ತುಂಬಬೇಕಿತ್ತು. ಸಿಲಿಂಡರ್ ಒಂದೇ ಆದರೂ ಎರಡು ಬದಿಯಲ್ಲೂ ಒಂದೊಂದು ಸೈಲೆನ್ಸರ್. ಎಂಜಿನ್ ಚಾಲೂ ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಅದೇ ಗಿಯರಿನ ಪೆಡಲ್ ಆಗುತ್ತಿದ್ದುದು ಇದರ ಇನ್ನೊಂದು ವಿಶೇಷ. ಹಾಲಿನ ಕ್ಯಾನು, ಅಕ್ಕಿಮೂಟೆ ಹೊತ್ತು ಹಳ್ಳಿಯ ಕಚ್ಚಾ ರಸ್ತೆಯಲ್ಲೂ ಸಾಗುತ್ತಿದ್ದ ಇದನ್ನು ಊರಿನ ಮೆಕ್ಯಾನಿಕ್ ಸಾಮಾನ್ಯ ಸ್ಪ್ಯಾನರುಗಳಿಂದಲೇ ರಿಪೇರಿ ಮಾಡಬಲ್ಲವನಾಗಿದ್ದ.

1970ರ ದಶಕದ ಆರಂಭದಲ್ಲಿ ಜೆಕ್ ಕಂಪನಿಯೊಂದಿಗಿನ ಒಪ್ಪಂದ ಮುಗಿಯಿತು. ವಾಹನಕ್ಕೆ 'ಯೆಜ್ಡಿ' ಎಂಬ ಹೊಸ ಹೆಸರು ಬಂತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದುದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಯೆಜ್ಡಿ ಎಂಬುದು ಇರಾನಿನ ಯಜ್ದ್ ನಗರವನ್ನು ಸ್ಮರಿಸುವ ಹೆಸರು. ಮುಂಬಯಿಯಲ್ಲಿ ನಮ್ಮವರ ಉಡುಪಿ ಹೊಟೇಲುಗಳ ನೆರೆಯಲ್ಲೇ ಚಹಾ, ಮಸ್ಕಾಪಾವ್ ಒದಗಿಸುತ್ತ ಬಂದ ಇರಾನಿ ಹೊಟೇಲುಗಳ ಅನೇಕ ಕುಟುಂಬಗಳ ಮೂಲವೂ ಆ ಪ್ರಾಂತವೇ. 1978ರಲ್ಲಿ ಬಂದ 'ರೋಡ್‌ಕಿಂಗ್' ಮಾದರಿಯು ತರುಣರ ಮೆಚ್ಚುಗೆಗೆ ಪಾತ್ರವಾಗಿ ಕೊನೆಯವರೆಗೂ ಉಳಿಯಿತು.

ಅವಸಾನ

1984ರ ಬಳಿಕ ಜಪಾನೀ ಕಂಪನಿಗಳ ಸಹಯೋಗದಿಂದ 100 ಸಿ.ಸಿ. ವಾಹನಗಳು ಒಂದರ ಹಿಂದೊಂದು ಬಂದವು. ಅದರಲ್ಲೂ 1985ರ ಹೀರೊ ಹೋಂಡಾ ಸಿ.ಡಿ. 100 ಫೋರ್ ಸ್ಟ್ರೋಕ್ ಎಂಜಿನಿನಿಂದಾಗಿ ಅತ್ಯಲ್ಪ ಪೆಟ್ರೋಲಿನಲ್ಲಿ ಓಡುತ್ತಿತ್ತು. ತಿಂಗಳ ಸಂಬಳವನ್ನೇ ನೆಚ್ಚಿದ ಗೃಹಸ್ಥನಿಗೆ ಬಲಕ್ಕಿಂತ ಮೈಲೇಜೇ ಮುಖ್ಯವಾಯಿತು. ಹೊಗೆ ನಿಯಂತ್ರಣದ ನಿಯಮಗಳೂ ಬಿಗಿಯಾದವು. ಹಳೆಯ ಟೂ ಸ್ಟ್ರೋಕ್ ವಿನ್ಯಾಸವನ್ನು ಮೂಲದಿಂದ ಬದಲಿಸದೆ ಉಳಿದ ಐಡಿಯಲ್ ಜಾವಾ ಆರ್ಥಿಕ ಸಂಕಷ್ಟ ಮತ್ತು ಕಾರ್ಮಿಕ ಸಮಸ್ಯೆಗಳಿಂದ ಬಳಲಿ 1996ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು.

ಕಾರ್ಖಾನೆಯೊಂದು ಮುಚ್ಚುವುದೆಂದರೇನು ಎಂಬುದನ್ನು 1982ರ ಗಿರಣಿ ಮುಷ್ಕರವನ್ನು ಕಂಡ ಮುಂಬಯಿ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮಾಲು ಹಳತಾದಾಗ ಯಂತ್ರವನ್ನು ಮಾರಬಹುದು; ಇಪ್ಪತ್ತು ವರ್ಷ ಒಂದೇ ಕೆಲಸದಲ್ಲಿ ಪಳಗಿದ ಕೈಗೆ ಬೇರೆ ಕೆಲಸ ಸುಲಭವಾಗಿ ಸಿಗದು.

ಮರಳಿ ಬಂದ ಹೆಸರು

ಮಹೀಂದ್ರ ಸಂಸ್ಥೆಯ ಪ್ರಧಾನ ಪಾಲುದಾರಿಕೆಯ 'ಕ್ಲಾಸಿಕ್ ಲೆಜೆಂಡ್ಸ್' 2018ರ ನವೆಂಬರ್‌ನಲ್ಲಿ ಜಾವಾವನ್ನೂ, 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮಾರುಕಟ್ಟೆಗೆ ಮರಳಿ ತಂದಿತು. ಈ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಬೊಮನ್ ಇರಾನಿ ಅವರು ರುಸ್ತುಂ ಇರಾನಿ ಅವರ ಪುತ್ರರು ಎಂಬುದು ಉಲ್ಲೇಖನೀಯ. ಹೊಸ ವಾಹನಗಳು ಫೋರ್ ಸ್ಟ್ರೋಕ್ ಎಂಜಿನಿನವು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ಡಿ ಎಂಬ ಹೆಸರು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಕರ್ನಾಟಕದಲ್ಲಿ ಮೋಟಾರ್ ಸೈಕಲ್ ಉದ್ಯಮ ಅಳಿದಿಲ್ಲ. ಮೈಸೂರಿನ ಸಮೀಪ ಟಿ.ವಿ.ಎಸ್., ಕೋಲಾರದ ನರಸಾಪುರದಲ್ಲಿ ಹೋಂಡಾ ಕಾರ್ಖಾನೆಗಳಿವೆ. ಆದರೆ ಯಾದವಗಿರಿಯ ಕಾರ್ಖಾನೆ ಮರಳಲಿಲ್ಲ. ಹೆಸರಿನ ಒಡೆತನವನ್ನು ನ್ಯಾಯಾಲಯ ನಿರ್ಣಯಿಸಬಲ್ಲದು. ಆ ಹೆಸರಿಗೆ ಮರ್ಯಾದೆ ತಂದ ಕಾರ್ಮಿಕರ ನೆನಪನ್ನು ಕಾಯಬೇಕಾದವರು ನಾವು. ಊರಿನ ಮನೆಯ ಕೊಟ್ಟಿಗೆಯಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಧೂಳು ಹಿಡಿದು ನಿಂತಿದ್ದರೆ, ಗುಜರಿಗೆ ಹಾಕುವ ಮುನ್ನ ನಮ್ಮ ಓದುಗರು ಒಮ್ಮೆ ಯೋಚಿಸಲಿ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿ, ಇದು ನಮ್ಮ ಮೈಸೂರಿನಲ್ಲಿ ಆದದ್ದು ಎಂದು ಹೇಳಲಿ.