ರಟ್ಟು ಕಟ್ಟುವ ಹುಡುಗನೂ ಹೆಸರಿಲ್ಲದ ಪುಸ್ತಕವೂ

ಜೀವನಚರಿತ್ರೆಗಳನ್ನು ಓದುವಾಗ ನನಗೊಂದು ಚಾಳಿಯುಂಟು. ನಾಯಕನ ಬಿರುದು ಬಹುಮಾನಗಳ ಅಧ್ಯಾಯಗಳನ್ನು ಬದಿಗಿಟ್ಟು, ಅವನು ಹದಿನಾರು ಹದಿನೇಳರ ಹುಡುಗನಾಗಿದ್ದಾಗ ಕೈಗೆ ಸಿಕ್ಕ ಪುಸ್ತಕ ಯಾವುದೆಂದು ಹುಡುಕುತ್ತೇನೆ. ಬಹಳ ಸಲ ನಿರಾಶೆಯೇ. ದೊಡ್ಡವರಾದ ಮೇಲೆ ಜನ ತಮ್ಮ ಎಳೆತನದ ಓದನ್ನೂ ದೊಡ್ಡದು ಮಾಡಿ ಹೇಳುತ್ತಾರೆ. ಓದಿದ್ದು ಕಟ್ಟುಕಥೆ, ನೆನಪಿಗೆ ಬರುವುದು ವೇದಾಂತ! ಮೈಕೇಲ್ ಫ್ಯಾರಡೆ ಹಾಗೆ ಮಾಡಲಿಲ್ಲ. ಹೆಂಗಸೊಬ್ಬಳು ಮುಖ್ಯವಾಗಿ ಹೆಣ್ಣುಮಕ್ಕಳಿಗೆಂದು ಬರೆದ ಪುಸ್ತಕ ತನಗೆ ರಸಾಯನಶಾಸ್ತ್ರದ ತಳಹದಿ ಹಾಕಿತೆಂದು, ಅರುವತ್ತು ದಾಟಿ ಜಗತ್ಪ್ರಸಿದ್ಧನಾದ ಮೇಲೂ ಸಂಕೋಚವಿಲ್ಲದೆ ಬರೆದ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಬಡ ಕಮ್ಮಾರನ ಮಗನಾಗಿ. ಓದು ಬರಹ, ಒಂದಿಷ್ಟು ಲೆಕ್ಕ—ಶಾಲೆಯ ವಿದ್ಯೆ ಅಷ್ಟಕ್ಕೇ ಮುಗಿಯಿತು. ಹದಿಮೂರನೆಯ ವಯಸ್ಸಿನಲ್ಲಿ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಮರುವರ್ಷ, 1805ರಲ್ಲಿ, ಅದೇ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬು ಕಲಿಯಲು ಏಳು ವರ್ಷದ ಕರಾರಾಯಿತು. ಕಸುಬು ಕಲಿಸಲು ತೆಗೆದುಕೊಳ್ಳಬೇಕಾದ ಹಣವನ್ನು ರೀಬೋ ತೆಗೆದುಕೊಳ್ಳಲಿಲ್ಲ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು: ಕಟ್ಟಲು ಬಂದ ಪುಸ್ತಕಗಳನ್ನು ಹುಡುಗ ಬಿಡಿಸಿ ಓದುತ್ತಿದ್ದರೆ ಗದರಿಸಲಿಲ್ಲ. ಕೂಲಿಯ ಹೊತ್ತು ಹಾಳಾಯಿತೆಂದು ಲೆಕ್ಕ ಹಾಕುವ ಯಜಮಾನನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಾಗೆ ಓದಿದ್ದರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿದ್ದ ವಿದ್ಯುತ್ತಿನ ಲೇಖನ ಒಂದು; ಇನ್ನೊಂದು, ರಸಾಯನಶಾಸ್ತ್ರವನ್ನು ಸಂವಾದ ರೂಪದಲ್ಲಿ ಹೇಳುವ, 1806ರ ಎರಡು ಸಂಪುಟಗಳ ಪುಸ್ತಕ. ಅದರ ಮೇಲೆ ಬರೆದವರ ಹೆಸರಿರಲಿಲ್ಲ. ಬರೆದಾಕೆ ಜೇನ್ ಮಾರ್ಸೆಟ್, ವೈದ್ಯನೊಬ್ಬನ ಹೆಂಡತಿ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದ ಆಕೆಗೆ ಮೊದಮೊದಲು ವಿಷಯ ಸರಿಯಾಗಿ ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಸ್ನೇಹಿತರೊಡನೆ ಮಾತಾಡಿ, ಪ್ರಯೋಗ ಮಾಡಿ ನೋಡಿದ ಮೇಲೆ ಹತ್ತಿತು. ತನಗೆ ಅರ್ಥವಾದ ಆ ಬಗೆಯನ್ನೇ ಪುಸ್ತಕ ಮಾಡಿದಳು. ಒಬ್ಬ ಉಪಾಧ್ಯಾಯಿನಿ, ಇಬ್ಬರು ಹುಡುಗಿಯರು. ಇವರು ಕೇಳುತ್ತಾರೆ, ಆಕೆ ಹೇಳುತ್ತಾಳೆ, ಮತ್ತೆ ಇವರು ಅಡ್ಡ ಪ್ರಶ್ನೆ ಹಾಕುತ್ತಾರೆ. ಗುರುಶಿಷ್ಯ ಸಂವಾದದಲ್ಲಿ ಶಾಸ್ತ್ರ ಕೇಳಿ ಬಂದ ನಮ್ಮವರಿಗೆ ಈ ಧಾಟಿ ಹೊಸದಲ್ಲ. ಪಂಡಿತನ ಪುಸ್ತಕ ಕಲಿತವನಿಗಾಗಿ ಇರುತ್ತದೆ. ಇದು ಕಲಿಯಲು ಒದ್ದಾಡಿದವಳು ಬರೆದದ್ದು. ಹುಡುಗನಿಗೆ ಬೇಕಾಗಿದ್ದುದೂ ಅದೇ.

ಈ ಪುಸ್ತಕ ಅವನಿಗೆ ‘ಸ್ಫೂರ್ತಿ’ ನೀಡಿತು ಎನ್ನಲು ನನಗೆ ಮನಸ್ಸಿಲ್ಲ. ಸ್ಫೂರ್ತಿ ಎರಡು ದಿನದ್ದು. ಫ್ಯಾರಡೆಯೇ ಹೇಳಿಕೊಂಡಂತೆ, ಆಗ ಅವನು ಆಳವಾಗಿ ಯೋಚಿಸುವವನೇನೂ ಅಲ್ಲ. ಅರೇಬಿಯನ್ ನೈಟ್ಸ್ ಕಥೆಗಳನ್ನು ನಂಬುವಷ್ಟೇ ಸುಲಭವಾಗಿ ವಿಶ್ವಕೋಶವನ್ನೂ ನಂಬಬಲ್ಲವನು. ಅವನನ್ನು ಉಳಿಸಿದ್ದು ಒಂದೇ ಗುಣ. ಮಾರ್ಸೆಟ್ ಹೇಳಿದ್ದನ್ನು ತನ್ನ ಪುಡಿಗಾಸಿನಲ್ಲಿ ಆಗುವಷ್ಟು ಸಣ್ಣ ಪ್ರಯೋಗಗಳಿಂದ ಪರೀಕ್ಷಿಸಿದ. ಹೇಳಿದಂತೆಯೇ ಆಯಿತು. ಆಮೇಲೆ ಆ ಪುಸ್ತಕವನ್ನು ಬಿಗಿಯಾಗಿ ಹಿಡಿದುಕೊಂಡ. 1812ರ ಜುಲೈಯಲ್ಲಿ ಅವನು ಗೆಳೆಯನಿಗೆ ಬರೆದ ಕಾಗದ ನೋಡಿ: ತಾಮ್ರದ ಏಳು ಅರೆಪೆನ್ನಿ ನಾಣ್ಯ, ಅದೇ ಅಳತೆಗೆ ಕತ್ತರಿಸಿದ ಸತುವಿನ ಬಿಲ್ಲೆಗಳು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದ—ಇಷ್ಟರಿಂದ ವಿದ್ಯುತ್ಕೋಶ ಮಾಡಿ, ಭೇದಿಗೆ ಕೊಡುವ ಎಪ್ಸಂ ಉಪ್ಪನ್ನು ವಿಭಜಿಸಿದ ಸಂಭ್ರಮ ಅದರಲ್ಲಿದೆ.

ಅಷ್ಟರಲ್ಲಿ ಅವನು ಟೇಟಂ ಎಂಬಾತನ ವಿಜ್ಞಾನೋಪನ್ಯಾಸಗಳಿಗೂ ಹೋಗುತ್ತಿದ್ದ. ಒಂದಕ್ಕೆ ಒಂದು ಷಿಲಿಂಗ್. ಕೊಟ್ಟವನು ಕಮ್ಮಾರಿಕೆಯಲ್ಲಿದ್ದ ಅಣ್ಣ. ಅದೇ 1812ರಲ್ಲಿ ರೀಬೋವಿನ ಗಿರಾಕಿಯೊಬ್ಬ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದ. ಯಾರ ಮಾತು ಮಾರ್ಸೆಟ್‌ಳ ಪುಸ್ತಕಕ್ಕೆ ಮೂಲವೋ ಅವನೆದುರಿಗೇ ಹುಡುಗ ಬಂದು ಕುಳಿತ. ಕೇಳಿದ್ದನ್ನೆಲ್ಲ ಬರೆದು, ಚಿತ್ರ ಹಾಕಿ, ತಾನೇ ರಟ್ಟು ಕಟ್ಟಿ, ಕೆಲಸ ಬೇಡುವ ಪತ್ರದೊಡನೆ ಡೇವಿಗೆ ಕಳುಹಿಸಿದ. ವಿಜ್ಞಾನದಲ್ಲಿ ಹೊಟ್ಟೆ ತುಂಬುವುದಿಲ್ಲ, ಕಸುಬನ್ನು ಬಿಡಬೇಡ ಎಂದು ಡೇವಿ ಬುದ್ಧಿ ಹೇಳಿದ. ಆದರೂ ಪ್ರಯೋಗಶಾಲೆಯ ಸಹಾಯಕನ ಜಾಗ ಖಾಲಿಯಾದಾಗ, 1813ರ ಮಾರ್ಚಿಯಲ್ಲಿ, ಇವನನ್ನೇ ಕರೆದ. ವಾರಕ್ಕೆ 25 ಷಿಲಿಂಗ್, ಇರಲು ಮೇಲಂತಸ್ತಿನಲ್ಲಿ ಎರಡು ಕೋಣೆ.

ಮುಂದಿನದನ್ನು ಶಾಲೆಯ ಮಕ್ಕಳೂ ಬಲ್ಲರು. 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದರೆ ವಿದ್ಯುತ್ ಹರಿಯುತ್ತದೆ ಎಂಬ ಆ ತತ್ತ್ವದಿಂದಲೇ 1902ರಲ್ಲಿ ಶಿವನಸಮುದ್ರದ ಯಂತ್ರಗಳು ತಿರುಗಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟವು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು.

ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ಸಂಗತಿ. ಮಾರ್ಸೆಟ್‌ಳ ಪರಿಚಯವಾದ ಮೇಲೆ ಫ್ಯಾರಡೆ ತನ್ನ ಪ್ರಬಂಧಗಳನ್ನು ಕಾಣಿಕೆಯಂತೆ ಆಕೆಗೆ ಕಳುಹಿಸುತ್ತಿದ್ದ. ಆಕೆಯೂ ಸುಮ್ಮನಿರಲಿಲ್ಲ, ಆವೃತ್ತಿಯಿಂದ ಆವೃತ್ತಿಗೆ ಪುಸ್ತಕವನ್ನು ತಿದ್ದುತ್ತ, ಫ್ಯಾರಡೆಯ ಶೋಧಗಳನ್ನು ಅದರಲ್ಲಿ ಸೇರಿಸಿದಳು. 1837ರ ಹೊತ್ತಿಗೆ ಕೊನೆಗೂ ಮುಖಪುಟದ ಮೇಲೆ ಆಕೆಯ ಹೆಸರು ಬಂತು. ಆಕೆ ತೀರಿಕೊಂಡದ್ದು 1858ರಲ್ಲಿ. ಫ್ಯಾರಡೆ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ ಆ ಟಿಪ್ಪಣಿಯ ಸಂಪುಟವನ್ನು ಇಂದಿಗೂ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಟ್ಟಿದ್ದಾರೆ.