ಶಂಶಾಬಾದಿನ ಕೈತೋಟ: ಋತುಮಾನಕ್ಕೆ ತಕ್ಕ ಆರೈಕೆ

ಊರಿಗೆ ಹೋಗಿ ಬರುವಾಗ ಮಲ್ಲಿಗೆಯ ಕಡ್ಡಿಯನ್ನೋ ದೊಡ್ಡಪತ್ರೆಯ ಕುಡಿಯನ್ನೋ ತಂದು ನೆಡದ ಕನ್ನಡ ಮನೆ ಅಪರೂಪ. ಆದರೆ ಮಲೆನಾಡು, ಕರಾವಳಿಗಳ ತಂಪಿಗೆ ಒಗ್ಗಿದ ಗಿಡ ಇಲ್ಲಿನ ಬಿಸಿಲಿಗೆ ತಾನಾಗಿಯೇ ಒಗ್ಗುವುದಿಲ್ಲ. ಶಂಶಾಬಾದಿನ ಮಣ್ಣು ಬಹುಮಟ್ಟಿಗೆ ಕೆಂಪು, ಮರಳುಮಿಶ್ರಿತ. ಇಂತಹ ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಸಾರವೂ ಅದರೊಡನೆ ಇಳಿದುಹೋಗುತ್ತದೆ. ಹೈದರಾಬಾದ್ ಪ್ರದೇಶದ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಆದ್ದರಿಂದ ಕೈತೋಟದ ಲೆಕ್ಕವನ್ನು ಮಳೆಯಿಂದಲೇ ಆರಂಭಿಸುವುದು ಉಚಿತ.

ಮಳೆಗಾಲ (ಜೂನ್ – ಸೆಪ್ಟೆಂಬರ್)
ನಾವು ಮೃಗಶಿರಾ ಮಳೆ ಎನ್ನುವ ಕಾಲವನ್ನೇ ನೆರೆಯ ತೆಲುಗರು ಮೃಗಶಿರ ಕಾರ್ತೆ ಎನ್ನುತ್ತಾರೆ. ನೆಲ ಚೆನ್ನಾಗಿ ನೆನೆದ ಬಳಿಕ ಬೆಂಡೆ, ಹೀರೆ, ಸೋರೆ, ಹಾಗಲ ಹಾಗೂ ಇಲ್ಲಿ ಗೋಂಗೂರ ಎನಿಸಿದ ಪುಂಡಿಸೊಪ್ಪನ್ನು ಬಿತ್ತಬಹುದು. ಬಿತ್ತುವ ಮೊದಲು ಮಣ್ಣಿಗೆ ಕೊಟ್ಟಿಗೆ ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿದರೆ ತೇವ ಉಳಿಯುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ತಪ್ಪದೆ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲೇ.

ಚಳಿಗಾಲ (ಅಕ್ಟೋಬರ್ – ಜನವರಿ)
ಸೊಪ್ಪು ತರಕಾರಿಗೆ ಇದು ಸುಗ್ಗಿಯ ಕಾಲ. ಮೆಂತ್ಯವನ್ನು ಒಂದು ತಿಂಗಳಲ್ಲಿ ಕೊಯ್ಯಬಹುದು. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಪಾಲಕ್, ಮೂಲಂಗಿ, ಟೊಮೇಟೊಗಳಿಗೂ ಈ ಹವೆ ಹಿತ. ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಬುಡಕ್ಕೆ ಗೊಬ್ಬರ ಹಾಕಬೇಕು. ಸವರಲು ಮನಸ್ಸು ಬಾರದಿದ್ದರೆ ಯುಗಾದಿಯ ಹೊತ್ತಿಗೆ ಎಲೆಯೇ ಹೆಚ್ಚು, ಮೊಗ್ಗು ಕಡಿಮೆ.

ಬೇಸಿಗೆ (ಫೆಬ್ರವರಿ – ಮೇ)
ಗಿಡಗಳಿಗೆ ನಿಜವಾದ ಪರೀಕ್ಷೆ ಇದೇ. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದುಂಟು, ಕೊಳವೆಬಾವಿಗಳೂ ಬತ್ತತೊಡಗುತ್ತವೆ. ಹೊತ್ತು ಮೂಡುವ ಮೊದಲು ನೀರುಣಿಸಿ, ಬುಡಕ್ಕೆ ಎರಡು ಅಂಗುಲ ದಪ್ಪ ತರಗೆಲೆ ಹೊದಿಸಿದರೆ ಅರ್ಧ ಕೆಲಸವಾದಂತೆ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೇ ಸಲ್ಲಲಿ. ನೀರು ಶುದ್ಧೀಕರಣ ಯಂತ್ರ ಹೊರಹಾಕುವ ನೀರಿನಲ್ಲಿ ಲವಣಾಂಶ ಹೆಚ್ಚು. ಅದನ್ನು ನಿತ್ಯವೂ ಕುಂಡಗಳಿಗೆ ಸುರಿಯಬಾರದು. ಮಣ್ಣಿನ ಮೇಲೆ ಬಿಳಿಯ ಪದರ ಕಂಡರೆ ಅದೇ ಎಚ್ಚರಿಕೆ. ಈ ಕಾಲದಲ್ಲಿ ಹೊಸ ಸಸಿ ನೆಡುವುದು, ಕುಂಡ ಬದಲಿಸುವುದು ಬೇಡ.

1908ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ನಿರ್ಮಾಣಗೊಂಡವು. 1927ರಲ್ಲಿ ಪೂರ್ಣಗೊಂಡ ಹಿಮಾಯತ್ ಸಾಗರ ಶಂಶಾಬಾದಿಗೆ ಕೂಗಳತೆಯಲ್ಲಿದೆ. ನೀರನ್ನು ಹಿಡಿದಿಡುವುದನ್ನು ಈ ನಗರಕ್ಕೆ ಕಲಿಸಿಕೊಟ್ಟವರಲ್ಲಿ ನಮ್ಮವರೊಬ್ಬರಿದ್ದರು. ಆ ಪಾಠವನ್ನು ನಮ್ಮ ಅಂಗಳದ ಒಂದು ಕೊಡ ನೀರಿನಲ್ಲಾದರೂ ಪಾಲಿಸೋಣ. ಊರಿನಿಂದ ತಂದ ಮಲ್ಲಿಗೆ ಮುಂದಿನ ಬೇಸಿಗೆಯನ್ನೂ ದಾಟಲಿ.