ನೀರಿನ ಪಾಲು: ಮಣ್ಣಿಗೋ, ಮನುಷ್ಯನಿಗೋ, ದುಡ್ಡಿಗೋ?

ನಮ್ಮ ಸಂಘದ ರಜತ ಮಹೋತ್ಸವದ ಸಂಚಿಕೆಗೆ ಇತಿಹಾಸದ ವಿಷಯವಾಗಿ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ರಾಜ ಮಹಾರಾಜರ ಕಥೆ ಬೇಡ, ನೀರಿನ ಕಥೆ ಬರೆಯೋಣ ಎನ್ನಿಸಿತು. ಅದರಲ್ಲೂ ನೀರಿನ ಕ್ರಯ-ವಿಕ್ರಯದ ಕಥೆ. "ನೀರನ್ನೂ ಮಾರ್ತಾರೇನ್ರಪ್ಪಾ?" ಎಂದು ನಮ್ಮ ಹಿರಿಯರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಈಗ ಯಾರಿಗೂ ಆಶ್ಚರ್ಯವಿಲ್ಲ. ಕೊಳವೆ ಬಾವಿ ಇದ್ದವರು ಪಕ್ಕದ ಹೊಲದವರಿಗೆ ಗಂಟೆ ಲೆಕ್ಕದಲ್ಲೋ, ಬೆಳೆಯಲ್ಲಿ ಇಷ್ಟು ಪಾಲು ಅಂತಲೋ ನೀರು ಬಿಡುವುದು ಬಯಲುಸೀಮೆಯಲ್ಲಿ ಎಲ್ಲೆಡೆ ಕಾಣುವ ಸಂಗತಿ.

ಮನೆಯಲ್ಲಿ ಹಳೆಯ ಕ್ರಯಪತ್ರ ಇದ್ದವರು ಒಮ್ಮೆ ಟ್ರಂಕಿನಿಂದ ತೆಗೆದು ನೋಡಿ. ಚೆಕ್ಕುಬಂದಿ ಮುಗಿದ ಮೇಲೆ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಂದು ಒಂದು ಸಾಲು ಬರುತ್ತದೆ. ಬರೆದವರಿಗೂ ಬರೆಸಿದವರಿಗೂ ಅದು ರೂಢಿಯ ಮಾತು. ಆದರೆ ಅದರ ಬೇರು ಶಾಸನಗಳಲ್ಲಿದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಭೂಮಿಯ ಜೊತೆ ಕೊಡುವ ಎಂಟು ಹಕ್ಕುಗಳನ್ನು ಹೆಸರಿಸಿರುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ, ಇವೇ ಅಷ್ಟಭೋಗ. ಜಲವೂ ಅದರಲ್ಲಿ ಒಂದು. ಅಂದರೆ ಮಣ್ಣು ಯಾರ ಕೈಗೆ ಹೋಯಿತೋ ನೀರೂ ಅವರ ಹಿಂದೆಯೇ ಹೋಯಿತು.

ಕೆರೆಯ ವಿಷಯದಲ್ಲೂ ಹಾಗೆಯೇ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ದುರಸ್ತಿ ಮಾಡಿಸಿದವರಿಗೆ ಪ್ರತಿಫಲ ಬೇಡವೇ? ಅದಕ್ಕೇ ಕಟ್ಟುಕೊಡಗೆ, ಬಿಟ್ಟುವಟ್ಟ, ದಶವಂದ ಎಂಬ ಹೆಸರುಗಳು ಶಾಸನಗಳಲ್ಲಿ ಸಿಗುವುದು. ಗಮನಿಸಬೇಕಾದ್ದು ಏನೆಂದರೆ, ಆ ಪ್ರತಿಫಲವನ್ನು ಹೆಚ್ಚಾಗಿ ಕೆರೆಯ ಕೆಳಗಿನ ಜಮೀನಿನ ರೂಪದಲ್ಲಿ ಕೊಟ್ಟರು. ಕೆರೆ ಕಟ್ಟಿಸಿದೆ ಎಂದು ತೂಬಿನ ಮೇಲೆ ಕುಳಿತು ನೀರು ಮಾರುವ ಅಧಿಕಾರ ಅದಲ್ಲ. ತೂಬು ಎತ್ತುವುದು, ಗದ್ದೆಯಿಂದ ಗದ್ದೆಗೆ ಸರದಿ ಹಾಯಿಸುವುದು ನೀರುಗಂಟಿಯ ಕೆಲಸ. ಅವನಿಗೆ ಸುಗ್ಗಿಯಲ್ಲಿ ಕಣದಿಂದ ಆಯ. ಇದೆಲ್ಲಾ ರಾಮರಾಜ್ಯ ಅಂತ ನಾನು ಹೇಳುತ್ತಿಲ್ಲ. ಅಚ್ಚುಕಟ್ಟಿನಲ್ಲಿ ಒಂದು ಮಡಿ ಗದ್ದೆಯೂ ಇಲ್ಲದವನಿಗೆ ಆ ನೀರಿನಲ್ಲಿ ಪಾಲಿರಲಿಲ್ಲ. ಏರಿಗೆ ಮಣ್ಣು ಹೊತ್ತವರಲ್ಲಿ ಅಂಥವರು ಎಷ್ಟೋ ಜನ.

ಬಾವಿಗೂ ಪಾಲುಂಟು. ಅಣ್ಣತಮ್ಮಂದಿರ ವಿಭಾಗಪತ್ರದಲ್ಲಿ ಬಾವಿಯಲ್ಲಿ ಕಾಲು ಪಾಲು, ಅರ್ಧ ಪಾಲು ಎಂದು ಬರೆಸಿ, ದಿನದ ಸರದಿ ಗೊತ್ತು ಮಾಡಿಕೊಳ್ಳುತ್ತಿದ್ದರು. ನೆಲದೊಳಗಿನ ನೀರಿನ ಬಗ್ಗೆ ಬ್ರಿಟಿಷರ 1882ರ ಈಸ್‌ಮೆಂಟ್ ಕಾಯ್ದೆ ಹೇಳಿದ್ದೂ ಅದೇ ಧಾಟಿಯದು: ತನ್ನ ಜಮೀನಿನ ಅಡಿಯಲ್ಲಿ ಗೊತ್ತಾದ ಕಾಲುವೆಯಾಗಿ ಹರಿಯದೆ ಇರುವ ನೀರನ್ನು ಎತ್ತಿಕೊಳ್ಳುವ ಹಕ್ಕು ಜಮೀನಿನ ಒಡೆಯನಿಗೆ. ಕಪಿಲೆ ಹೊಡೆಯುವ ಕಾಲದಲ್ಲಿ ಆ ಹಕ್ಕಿಗೆ ಎತ್ತಿನ ಶಕ್ತಿಯೇ ಮಿತಿಯಾಗಿತ್ತು. ಕರೆಂಟು ಬಂದ ಮೇಲೆ ಆ ಮಿತಿ ಹೋಯಿತು.

ಹಾಗಾದರೆ ನೀರನ್ನು ಮಣ್ಣಿನಿಂದ ಪೂರ್ತಿ ಬಿಡಿಸಿ, ಸಂತೆಯ ಸರಕಿನಂತೆ ಮಾರಿದರೆ ಏನಾಗುತ್ತದೆ? ಇದನ್ನು ಸುಮಾರು 700 ವರ್ಷ ಮಾಡಿ ನೋಡಿದ ಒಂದು ಊರಿದೆ. "ಅದ್ಯಾವ ದೇಶದ ಊರು ಮೇಷ್ಟ್ರೇ, ನಮಗ್ಯಾಕೆ ಅದು?" ಎನ್ನಬೇಡಿ, ಕೇಳಿದ ಮೇಲೆ ನಮ್ಮೂರಿನದೇ ಅನ್ನಿಸಬಹುದು.

ಸ್ಪೇನ್ ದೇಶದ ಆಗ್ನೇಯ ಮೂಲೆಯಲ್ಲಿ ಮುರ್ಸಿಯಾ ಎಂಬ ಪ್ರಾಂತವಿದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿಯ ಮೂಲಾ ಎಂಬ ಊರಿನಲ್ಲಿ 13ನೇ ಶತಮಾನದಿಂದ 1966ರವರೆಗೆ ಕಾಲುವೆ ನೀರನ್ನು ಹರಾಜು ಹಾಕುತ್ತಿದ್ದರು. ಅಲ್ಲಿ ಜಮೀನಿನ ಒಡೆಯರು ಬೇರೆ, ನೀರಿನ ಒಡೆಯರು ಬೇರೆ. ನೀರಿನ ಒಡೆಯರದ್ದೇ ಒಂದು ಕೂಟ. ವಾರಕ್ಕೊಮ್ಮೆ, ಶುಕ್ರವಾರ, ಹರಾಜು. ಮುಖ್ಯ ಕಾಲುವೆಯ ಮೂರು ಗಂಟೆ ನೀರು ಒಂದು ಪಾಲು. ಹಗಲಿಗೆ ನಾಲ್ಕು, ರಾತ್ರಿಗೆ ನಾಲ್ಕು, ಹೀಗೆ ಸೋಮವಾರದಿಂದ ಶುಕ್ರವಾರದವರೆಗೆ 40 ಪಾಲು. ಒಬ್ಬೊಬ್ಬರು ಏರಿಸುತ್ತಾ ಹೋಗಬೇಕು. ಹೆಚ್ಚು ಕೂಗಿದವರಿಗೆ ನೀರು. ಮಳೆ ಬಂದ ವಾರ ಕೂಗುವವರೇ ಇಲ್ಲ. ಒಣಗಿದ ವಾರ ಬೆಲೆ ಆಕಾಶಕ್ಕೆ. ಎಲ್ಲಕ್ಕಿಂತ ಮುಖ್ಯವಾದ ಷರತ್ತು, ದುಡ್ಡು ಆ ದಿನವೇ, ನಗದಾಗಿ.

ಅಲ್ಲಿಯ ರೈತರ ಮುಖ್ಯ ಬೆಳೆ ಏಪ್ರಿಕಾಟ್, ನಾವು ಒಣಹಣ್ಣಿನ ಅಂಗಡಿಯಲ್ಲಿ ಜರ್ದಾಳು ಅನ್ನುತ್ತೇವಲ್ಲ, ಆ ಮರ. ಕೊಯ್ಲಿಗೆ ಮುಂಚೆ ಕಾಯಿ ದಪ್ಪವಾಗುವ ಹೊತ್ತಿಗೆ ಅದಕ್ಕೆ ನೀರು ಬೇಕೇ ಬೇಕು. ಆದರೆ ಯಾವ ರೈತನ ಹತ್ತಿರವಾದರೂ ಕೊಯ್ಲಿಗೆ ಮುಂಚೆ ದುಡ್ಡು ಇರುತ್ತದೆಯೇ? ಹೋದ ವರ್ಷದ್ದು ಮುಗಿದಿರುತ್ತದೆ, ಈ ವರ್ಷದ್ದು ಇನ್ನೂ ಮರದ ಮೇಲಿರುತ್ತದೆ.

ಈಚೆಗೆ ಇಬ್ಬರು ಅರ್ಥಶಾಸ್ತ್ರಜ್ಞರು ಆ ಊರಿನ ಹರಾಜಿನ ಹಳೆಯ ದಫ್ತರಗಳನ್ನು ತೆಗೆದು ಲೆಕ್ಕ ಹಾಕಿದರು. ಒಂದೇ ಸಮ ಮರಗಳಿದ್ದ ರೈತರನ್ನೇ ಹೋಲಿಸಿ ನೋಡಿದರು. ಅನುಕೂಲಸ್ಥರು ಸುಮ್ಮನೆ ಕಾದಿದ್ದು, ಮರಕ್ಕೆ ಅತ್ಯಗತ್ಯವಾದ ವಾರಗಳಲ್ಲೇ ನೀರು ಹಿಡಿಯುತ್ತಿದ್ದರು. ಬಡವರು ಆಗ ಬೆಲೆ ಏರುತ್ತದೆ, ತಮ್ಮ ಕೈಗೆ ಎಟುಕುವುದಿಲ್ಲ ಎಂದು ಗೊತ್ತಿದ್ದು, ಮೊದಲೇ ಅಗ್ಗವಾಗಿದ್ದಾಗ ಕೊಂಡು ಬುಡಕ್ಕೆ ಬಿಟ್ಟುಬಿಡುತ್ತಿದ್ದರು. ಮಣ್ಣಿನಲ್ಲಿ ಕೂಡಿಟ್ಟ ನೀರು ಎಷ್ಟು ದಿನ ಇದ್ದೀತು? ಕಾಯಿ ದಪ್ಪವಾಗುವ ಹೊತ್ತಿಗೆ ಅರ್ಧ ಆವಿ. ಯಾರಿಗೆ ಹೆಚ್ಚು ಅಗತ್ಯವೋ ಅವರೇ ಹೆಚ್ಚು ಬೆಲೆ ಕೊಡುತ್ತಾರೆ, ಆದ್ದರಿಂದ ಹರಾಜೇ ನ್ಯಾಯ ಎಂಬ ವಾದವಿದೆ. ಮೂಲಾದ ಮರಗಳ ಬಾಯಾರಿಕೆ ಒಂದೇ ಆಗಿತ್ತು. ಬೇರೆ ಇದ್ದದ್ದು ಜೇಬು.

1966ರಲ್ಲಿ ರೈತರ ಸಂಘ ನೀರಿನ ಒಡೆಯರ ಜೊತೆ ಒಪ್ಪಂದಕ್ಕೆ ಬಂದು ಹರಾಜು ನಿಂತಿತು. ಅಲ್ಲಿಂದ ಮುಂದೆ ಹಿಡುವಳಿಯ ಅಳತೆಗೆ ತಕ್ಕ ಹಾಗೆ ಸರದಿ ನೀರು. ಲೆಕ್ಕ ಹಾಕಿದವರ ತೀರ್ಮಾನ, ಈ ಸರದಿಯಿಂದಲೇ ಊರಿಗೆ ಒಟ್ಟಾರೆ ಹೆಚ್ಚು ಲಾಭ ಎಂದು. ಆದರೆ ಒಂದು ಮಾತು ಮರೆಯಬಾರದು. ಅಲ್ಲಿ ಬಹುಪಾಲು ಎಲ್ಲರದ್ದೂ ಒಂದೇ ಬಗೆಯ ಬೆಳೆ, ಆದ್ದರಿಂದ ಸರಿಸಮ ಹಂಚಿಕೆ ನಡೆಯಿತು. ಒಬ್ಬನದು ರಾಗಿ, ಇನ್ನೊಬ್ಬನದು ಅಡಿಕೆ ತೋಟ ಇರುವಲ್ಲಿ ಅದು ಅಷ್ಟು ಸಲೀಸಲ್ಲ.

ಮಣ್ಣಿಗೆ ಪಾಲು, ದುಡ್ಡಿಗೆ ಪಾಲು ಆಯಿತು. ಮನುಷ್ಯನಿಗೇ ಪಾಲು ಕೊಟ್ಟವರು ನಮ್ಮ ಪಕ್ಕದ ಮಹಾರಾಷ್ಟ್ರದವರು. 1972ರ ಭೀಕರ ಬರ ನೋಡಿದ ವಿಲಾಸರಾವ್ ಸಾಳುಂಖೆ ಎಂಬ ಎಂಜಿನಿಯರು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ ಪಾಣಿ ಪಂಚಾಯತ್ ಶುರು ಮಾಡಿದರು. ಎಷ್ಟೇ ಎಕರೆ ಇರಲಿ, ತಲೆಗೆ ಅರ್ಧ ಎಕರೆಗೆ ಸಾಕಾಗುವ ನೀರು. ಒಂದು ಸಂಸಾರಕ್ಕೆ ಎರಡೂವರೆ ಎಕರೆ ಮೀರುವಂತಿಲ್ಲ. ಕಬ್ಬು ಹಾಕುವಂತಿಲ್ಲ. ಭೂಮಿ ಇಲ್ಲದವರಿಗೂ ಪಾಲು. ಖರ್ಚಿನಲ್ಲಿ ಶೇಕಡಾ 20 ಭಾಗ ಪಾಲುದಾರರೇ ಹಾಕಬೇಕು. ಮತ್ತೆ ನಮ್ಮ ಕ್ರಯಪತ್ರಕ್ಕೆ ನೇರ ಎದುರಾದ ಒಂದು ನಿಯಮ: ಜಮೀನು ಮಾರಿದರೆ ನೀರಿನ ಹಕ್ಕು ಕೊಂಡವನಿಗೆ ಹೋಗುವುದಿಲ್ಲ, ಪಂಚಾಯತಿಗೇ ವಾಪಸ್ಸು. ಸಾಳುಂಖೆಯವರು 2002ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಯೋಜನೆಗಳೆಲ್ಲಾ ಉಳಿದಿಲ್ಲ, ಆದರೆ ಭೂಮಿ ಇಲ್ಲದವನ ಕೈಗೂ ನೀರಿನ ಪಾಲು ಕೊಟ್ಟ ಈ ಕ್ರಮಕ್ಕೆ ಸಮನಾದದ್ದನ್ನು ನಾನು ಹಳೆಯ ಶಾಸನಗಳಲ್ಲಿ ಕಂಡಿಲ್ಲ.

ಮೂಲಾದ ಲೆಕ್ಕ ಓದಿದಂದಿನಿಂದ ನಮ್ಮೂರಲ್ಲಿ ಕೊಳವೆ ಬಾವಿ ನೀರಿಗೆ ನಡೆಯುವ ಚೌಕಾಸಿ ನನಗೆ ಬೇರೆ ರೀತಿ ಕೇಳಿಸುತ್ತಿದೆ. ಗಂಟೆ ಲೆಕ್ಕವಾದರೆ ದುಡ್ಡು ಮುಂಗಡ. ಬೆಳೆ ಪಾಲಾದರೆ ಸುಗ್ಗಿಗೆ. ಬೆಳೆ ಚೆನ್ನಾಗಿ ಬಂದರೆ ಪಾಲಿನ ಲೆಕ್ಕ ಎಷ್ಟೋ ದುಬಾರಿ, ಅದು ರೈತನಿಗೆ ಗೊತ್ತಿಲ್ಲದೇನಲ್ಲ. "ಏನ್ ಮಾಡೋದು ಅಣ್ಣಾ, ಇವತ್ತು ಕೈಲಿಲ್ವಲ್ಲ" ಎನ್ನುತ್ತಾನೆ. ನಮ್ಮ ಸಂಘದಲ್ಲಿ ಬೆಳೆಸಾಲ ಕೊಡುವಾಗ ಬೀಜ, ಗೊಬ್ಬರ, ಔಷಧಿಯ ಮಾತು ಬರುತ್ತದೆ. ತೆನೆ ಹಾಲು ತುಂಬುವ ಹೊತ್ತಿಗೆ ಪಕ್ಕದವರಿಂದ ಕೊಳ್ಳಬೇಕಾದ ಎರಡು ಸರದಿ ನೀರಿನ ಮಾತು ಈ 25 ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ. ಬರುವ ಸರ್ವ ಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಆಡಳಿತ ಮಂಡಳಿಗೆ ಅರ್ಜಿ ಕೊಟ್ಟಿದ್ದೇನೆ.